ಮೇಲಿನ ಕೋಣೆಯವನ ದವಡೆ ಹಲ್ಲು

ನಮ್ಮೂರಿನವರು ಪರದೇಶದವರಿಗೆ ಮಾಡುವ ಉಪಚಾರದ ತಮಾಷೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೇಲಿನ ಕೋಣೆ ಬಾಡಿಗೆಗೆ ಕೊಟ್ಟರೆ ಸಾಕು, ಅವೇ ಮೆಟ್ಟಿಲಿಳಿದು ಬರುತ್ತವೆ. ಎಂಬತ್ತರ ದಶಕದ ಆರಂಭದಲ್ಲಿ ಜೆಪ್ಪುವಿನ ನಮ್ಮ ಮನೆಯ ಮಹಡಿಯಲ್ಲಿ ಕೀನ್ಯಾದಿಂದ ಓದಲು ಬಂದ ಹುಡುಗನೊಬ್ಬನಿದ್ದ. ಒಂದು ಬೆಳಿಗ್ಗೆ ಎಡಗೆನ್ನೆ ಊದಿಸಿಕೊಂಡು ಕೆಳಗೆ ಬಂದ. ರಾತ್ರಿಯಿಡೀ ನಿದ್ದೆಯಿಲ್ಲ, ಜ್ವರ ಬೇರೆ. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಅವನನ್ನು ಕರೆದುಕೊಂಡು ಹೊರಟೆ.

೧. ಬಿಳಿ ಹಲ್ಲು

ಮನೆ ಹತ್ತಿರದ ಹಲ್ಲಿನ ಡಾಕ್ಟರು ಅವನ ಬಾಯಿಗೆ ಟಾರ್ಚು ಬಿಟ್ಟು, ಹೆಂಡತಿಯನ್ನೂ ಕರೆದು ತೋರಿಸಿದರು.

"ಎಂಥ ಬಿಳಿ ನೋಡು! ಟೀಚರ್, ಇವರದ್ದು ಕೆಡುವ ಹಲ್ಲಲ್ಲ. ವಾಯು ಇರಬೇಕು."

"ಕೆನ್ನೆ ಊದಿದೆಯಲ್ಲ ಡಾಕ್ಟ್ರೇ?"

"ಇವರ ಮುಖವೇ ಹಾಗಲ್ವಾ?"

"ಒಂದೇ ಬದಿಯಾ?" ಎಂದು ಕೇಳಿ ಮೆಟ್ಟಿಲಿಳಿದೆ.

೨. ಬೆಂಚು

ಬಂದರಿನ ಇನ್ನೊಬ್ಬ ಡಾಕ್ಟರಲ್ಲಿಗೆ ಹೋದೆವು. ಅಲ್ಲಿ ತುಂಬ ಜನ. ನಾವಿಬ್ಬರು ಬೆಂಚಿನಲ್ಲಿ ಕೂತದ್ದೇ ತಡ, ಉಳಿದವರೆಲ್ಲ ಎದ್ದು ಗೋಡೆಗೆ ಒರಗಿದರು. ಒಬ್ಬ ಹೆಂಗಸು ಮಾತಿಗೆ ತೊಡಗಿದಳು.

"ನಿಮ್ಮ ಗಂಡ ಗಲ್ಫಿನಲ್ಲಾ? ನನ್ನ ಮಗನೂ ಅಲ್ಲೇ. ಅಲ್ಲಿಯವರು ನಮ್ಮವರ ಹತ್ತಿರ ಕೂತುಕೊಳ್ಳುವುದೂ ಇಲ್ಲವಂತೆ. ಎಂಥ ಜನ!"

"ನೀವು ಇಲ್ಲಿ ಕೂತುಕೊಳ್ಳಿ, ಜಾಗ ಉಂಟು," ಎಂದೆ.

"ಬೇಡ ಬೇಡ, ನನಗೆ ನಿಂತೇ ಅಭ್ಯಾಸ."

೩. ಅರ್ಧ ಇಂಜೆಕ್ಷನ್

ಈ ಡಾಕ್ಟರು ಹಲ್ಲು ಕೀಳಬೇಕು ಎಂದರು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಹುಡುಗನ ಹತ್ತಿರ ಇಂಗ್ಲಿಷಿನಲ್ಲಿ "ಹೆದರಬೇಡ" ಎಂದವರು, ನನ್ನ ಕಡೆ ತಿರುಗಿ ತುಳುವಿನಲ್ಲಿ, "ಅರ್ಧ ಇಂಜೆಕ್ಷನ್ ಸಾಕು ಟೀಚರ್. ಇವರಿಗೆ ನಮ್ಮ ಹಾಗೆ ನೋವಾಗುವುದಿಲ್ಲ. ಸುಮ್ಮನೆ ಮದ್ದು ಯಾಕೆ ದಂಡ?" ಎಂದರು.

"ಪೂರ್ತಿ ಕೊಡಿ ಡಾಕ್ಟ್ರೇ!"

"ಡಾಕ್ಟರ್ ನೀವಾ, ನಾನಾ?"

ಮಾತಿಗೆ ಮಾತು ಬೆಳೆಯುವ ಮೊದಲೇ ಅರ್ಧ ಇಂಜೆಕ್ಷನ್ ಚುಚ್ಚಿ ಆಗಿ, ಇಕ್ಕುಳ ಒಳಗೆ ಹೋಗಿತ್ತು. ಹುಡುಗನ ಎರಡು ಕೈಗಳೂ ಕುರ್ಚಿಯನ್ನು ಹಿಡಿದ ರೀತಿ ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಅವನು ಕೂಗಿದ ಕೂಗಿಗೆ ಹೊರಗೆ ಗೋಡೆಗೆ ಒರಗಿದ್ದವರೂ ಬೀದಿಗಿಳಿದರಂತೆ.

ಹಲ್ಲು ಬಂತು. ಅವನು ಬೇಸಿನ್ನಿಗೆ ರಕ್ತ ಉಗುಳಿ, ಕಣ್ಣೊರೆಸಿಕೊಂಡು, ಫುಟ್‌ಬಾಲ್ ಮೈದಾನದಲ್ಲಿ ಕಲಿತಿದ್ದ ತುಳುವಿನಲ್ಲಿ ಮೆಲ್ಲಗೆ ಹೇಳಿದ: "ಎಂಕ್‌ಲಾ ಬೇನೆ ಆಪುಂಡು ಡಾಕ್ಟ್ರೆ." ನನಗೂ ನೋವಾಗುತ್ತದೆ ಎಂದು.

ಡಾಕ್ಟರು ಇಕ್ಕುಳ ಹಿಡಿದ ಕೈಯಲ್ಲೇ ಹಣೆ ಚಚ್ಚಿಕೊಂಡರು.

"ಅಯ್ಯೋ, ತುಳು ಬರ್ತದಾ ನಿನಗೆ? ಮೊದಲೇ ಹೇಳ್ಬಾರ್ದಾ ಮಾರಾಯ! ಪೂರ್ತಿ ಇಂಜೆಕ್ಷನ್ ಕೊಡ್ತಿದ್ದೆ!"