ಬಾಡಿಗೆ ವಿಮಾನಕ್ಕೆ ನಾನೇ ಗಿರಾಕಿ

ಶಿರಾ ಗೇಟಿನಲ್ಲಿ ಟೆಂಪೊ ಬಾಡಿಗೆಗೆ ಕೊಡುವ ಅಂಗಡಿ ಇಟ್ಟ ಮೇಲೆ ನಗೋ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಿಲ್ಲ. ಗಿರಾಕಿಗಳ ಜೊತೆ ಅವೇ ಬರುತ್ತವೆ. ಈ ಸಲ ಮಾತ್ರ ಗಿರಾಕಿ ನಾನೇ. ಮಗಳಿಗೆ ವಿಮಾನ ಹಾರಿಸುವ ಮೊದಲ ಲೈಸೆನ್ಸ್ ಸಿಕ್ಕಿತ್ತು. ಪೈಲಟ್ ಕೆಲಸ ಬೇಕೆಂದರೆ ಇನ್ನೂ ಬೇಕಾದಷ್ಟು ಗಂಟೆ ಹಾರಿಸಿ ತೋರಿಸಬೇಕು. ಅದಕ್ಕೆ ಹೊರದೇಶದ ಕೆಲವು ಹಾರಾಟದ ಶಾಲೆಗಳು ವಿಮಾನವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತವೆ. ನಮ್ಮ ಕೈಗೆ ಎಟುಕುವಂಥದ್ದನ್ನು ಒಂದೇ ಸಲಕ್ಕೆ ಆರಿಸಬೇಕು. ಎಡವಿದರೆ ಇನ್ನೊಂದಕ್ಕೆ ಕಳಿಸುವ ಶಕ್ತಿ ನನಗಿಲ್ಲ.

"ಹಾರೋದು ನೀನು ನೋಡ್ಕೊ, ಬಾಡಿಗೆ ವಿಷಯ ನನಗೆ ಬಿಡು" ಅಂದೆ. ಮಗಳು ಹಣೆ ಚಚ್ಚಿಕೊಂಡಳು.

೧. ಡ್ರೈವರ್

ಚೇಳೂರಿನಿಂದ ಬಂದಿದ್ದ ನಮ್ಮತ್ತೆ ಎಲ್ಲ ಕೇಳಿಸಿಕೊಂಡು, "ಗಾಡಿ ಜೊತೆ ಡ್ರೈವರ್ ಬತ್ತಾನೇನೇ?" ಅಂದರು.

"ಇಲ್ಲ ಅತ್ತೆ, ಓಡಿಸೋದು ಇವಳೇ."

"ಗುರ್ತು ಪರಿಚಯ ಇಲ್ದೋರಿಗೆ ಬರೀ ಗಾಡಿ ಕೊಟ್ಬುಡ್ತಾರಾ? ನೀನು ಒಡಹುಟ್ಟಿದ ತಮ್ಮಂಗೇ ಡ್ರೈವರ್ ಇಲ್ದೆ ಟೆಂಪೊ ಕೊಡಲ್ಲ!"

ಅದು ನಿಜ. ಮಗಳು ಸಮಾಧಾನ ಹೇಳಿದಳು: "ಅಜ್ಜಿ, ಮೊದಲು ಅವರ ಮೇಷ್ಟ್ರು ಪಕ್ಕದಲ್ಲಿ ಕೂತು ನಾನು ಹಾರಿಸೋದನ್ನ ನೋಡ್ತಾರೆ. ಸರಿ ಅನ್ನಿಸಿದ್ರೆ ಆಮೇಲೆ ಇಳ್ಕೋತಾರೆ."

"ಆಯಪ್ಪನ್ನ ಇಳಿಯಾಕೆ ಬುಡಬ್ಯಾಡ ಕಣವ್ವ. ಊಟ ಹಾಕಿ ಮಡಿಕ್ಕೊ."

೨. ಖಾಲಿ ಗಾಡಿ

ಆ ತಮ್ಮ ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರಿ. ಕುಣಿಗಲ್‌ನಲ್ಲಿ ಕಾಯಿ ಇಳಿಸಿದರೆ, ವಾಪಸ್ ಬರಲು ಏನಾದರೂ ಲೋಡ್ ಸಿಗುವವರೆಗೆ ಗಾಡಿ ಹತ್ತದ ಆಸಾಮಿ.

"ಎಲ್ಲಿಂದ ಎಲ್ಲಿಗೆ ಹಾರ್ತೀಯಮ್ಮ?" ಎಂದು ಸೋದರಸೊಸೆಯನ್ನು ಕೇಳಿದ.

"ಯಾವುದಾದ್ರೂ ಊರಿಗೆ ಹೋಗೋದು, ವಾಪಸ್ ಬರೋದು ಮಾವ. ಗಂಟೆ ತುಂಬಬೇಕಷ್ಟೆ."

"ಖಾಲಿ?"

"ಖಾಲಿ."

"ಬರೋವಾಗ್ಲೂ?"

"ಬರೋವಾಗ್ಲೂ."

ನನ್ನ ಕಡೆ ತಿರುಗಿ ರೇಗಿದ: "ಏನಕ್ಕಾ, ಈ ಮನೇಲಿ ಹೇಳೋರು ಕೇಳೋರು ಇಲ್ವಾ? ದುಡ್ಡು ಕೊಟ್ಟು ಖಾಲಿ ಹಾರೋದಾ? ಇಲ್ಲೇ ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಐತೆ. ಹೊಸಾ ಗಾಡಿ ಟ್ರಯಲ್ ನೋಡಾಕೆ ಅವ್ರಿಗೂ ಜನ ಬೇಕಲ್ವಾ? ಕೇಳಿ ನೋಡಾನ."

"ಅದು ಹೆಲಿಕಾಪ್ಟರ್ ಮಾವ. ನಾನು ಕಲಿತಿರೋದು ವಿಮಾನ."

"ಎಲ್ಡೂ ಹಾರ್ತವೆ ತಾನೆ? ಬುಡು, ಅಡ್ಜಸ್ಟ್ ಮಾಡ್ಕೊ."

೩. ಸೋಫಾ

ಮಗಳ ಮನಸ್ಸು ಇದ್ದದ್ದು ಥಳಥಳ ಹೊಳೆಯುವ ಒಂದು ಶಾಲೆಯ ಮೇಲೆ. ವಿಡಿಯೋ ಕಾಲ್ ಮಾಡಿದರೆ ಅಲ್ಲಿಯ ಮ್ಯಾನೇಜರ್ ಸೋಫಾ ತೋರಿಸಿದ, ಕಾಫಿ ಮಿಷನ್ ತೋರಿಸಿದ. ವಿಮಾನ ತೋರಿಸು ಅಂದರೆ, "ಈಗ ಹಾರ್ತಾ ಇದೆ" ಅಂದ. ಇನ್ನೊಂದು ದಿನ ಮಾಡಿದೆವು. ಆಗಲೂ ಹಾರ್ತಾ ಇತ್ತು. ಮತ್ತೊಂದು ದಿನವೂ ಅದೇ.

"ಇಳಿಯದೇ ಇರೋ ಗಾಡಿಗೆ ನೀನು ಹತ್ತೋದು ಹೇಗೆ?" ಅಂದೆ. "ಸೋಫಾ ಮೇಲೆ ಕೂತ ಗಂಟೆ ಲೆಕ್ಕಕ್ಕೆ ಬರುತ್ತಾ ಕೇಳು."

ಮಗಳು ಫೋನ್ ಇಟ್ಟಳು.

೪. ತಣ್ಣನೆ ಇಂಜಿನ್

ಉಳಿದದ್ದು ಒಬ್ಬ ವಯಸ್ಸಾದ ಹೆಂಗಸು ನಡೆಸುವ ಸಣ್ಣ ಶಾಲೆ. ಆಕೆ ಮೊಬೈಲ್ ಹಿಡಿದು ನೇರ ವಿಮಾನದ ಹತ್ತಿರಕ್ಕೇ ಹೋದಳು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ನನ್ನದೊಂದು ನಿಯಮ: ಇಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ, ಸುಲಭಕ್ಕೆ ಸ್ಟಾರ್ಟ್ ಆಗದ ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

"ಇಂಜಿನ್ ಮೇಲೆ ಕೈ ಇಟ್ಟು ತೋರಿಸಕ್ಕೆ ಹೇಳು."

"ಅಮ್ಮ, ಮಾನ ಹೋಗುತ್ತೆ ಕಣಮ್ಮ."

"ಕೇಳೇ."

ಮಗಳು ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು. ಆಕೆ ಜೋರಾಗಿ ನಕ್ಕು, ಕೈಯಲ್ಲ, ಕೆನ್ನೆಯನ್ನೇ ಇಟ್ಟು ತೋರಿಸಿದಳು. ಒಳಗೆ ಕೂತು ಸ್ಟಾರ್ಟ್ ಮಾಡಿದಳು. ಒಂದೇ ಏಟಿಗೆ ಹೊತ್ತಿಕೊಂಡಿತು. ಆಫ್ ಮಾಡಿ ಇಳಿದು ಬಾಗಿಲು ಹಾಕಿದರೆ ಮುಚ್ಚಲಿಲ್ಲ. ಸೊಂಟದಿಂದ ಒಂದು ಗುದ್ದು ಕೊಟ್ಟಳು. ಮುಚ್ಚಿತು.

ನನ್ನ ಮೊದಲ ಟೆಂಪೊದ ಬಾಗಿಲಿಗೂ ಅದೇ ಮದ್ದು.

"ಇದೇ ಸ್ಕೂಲು" ಅಂದೆ.

"ಬಾಗಿಲು ನೆಟ್ಟಗಿಲ್ಲ ಅಂತ ಒಪ್ಕೊಂಡ್ಯಾ?"

"ಅವನು ಸೋಫಾ ತೋರಿಸಿದ. ಈಯಮ್ಮ ಗಾಡಿ ತೋರಿಸಿದಳು."

ಮಗಳು ಹೋದಳು. ಆಕೆ ಹೊಸ ಚಿಲಕ ಹಾಕಿಸಿದ ಮೇಲೇ ವಿಮಾನ ಕೈಗೆ ಕೊಟ್ಟಳಂತೆ. ಮೊನ್ನೆ ಗಂಟೆಗಳೆಲ್ಲ ತುಂಬಿದವು. ಖುಷಿಗೆ ಅಳುತ್ತಲೇ ಫೋನ್ ಮಾಡಿದವಳು ಕೊನೆಗೆ ಹೇಳಿದಳು: "ಅಮ್ಮ, ಈ ಮೇಡಂ ಇನ್ನೊಂದು ವಿಮಾನ ತಗೊಳ್ತಿದ್ದಾರೆ, ಸೆಕೆಂಡ್ ಹ್ಯಾಂಡ್. ವಿಡಿಯೋದಲ್ಲಿ ನಿನಗೊಂದ್ಸಲ ತೋರಿಸ್ಬೇಕಂತೆ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ತೋರಿಸಕ್ಕೆ ಹೇಳು. ಬಾಗಿಲು ಸಲೀಸಾಗಿ ಮುಚ್ಚಿದ್ರೆ ಮಾತ್ರ ಅನುಮಾನ ಪಡಬೇಕು ಅನ್ನು."