ಹಳದೀಪುರದ ಹುಡುಗಿ ಬಸ್ಸು ಹತ್ತಿದ್ದು

ಹೆದರಿದವರಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಭಟ್ಕಳ, ಹೊನ್ನಾವರ, ಕುಮಟಾ ಅಂತ ತಿರುಗುತ್ತ, ಓದುವ ಮಕ್ಕಳ ಮನಸ್ಸಿಗೆ ಕಷ್ಟವಾದಾಗ ಅವರ ಮನೆಗೆ ಹೋಗಿ ಮಾತಾಡಿಸುತ್ತೇನೆ. ಎಷ್ಟು ಗಂಭೀರವಾಗಿ ಹೋದರೂ ಎಂತಾದರೂ ಒಂದು ಎಡವಟ್ಟಾಗದೆ ವಾಪಸ್ಸು ಬಂದ ದಿನ ಕಡಿಮೆ.

ಹಳದೀಪುರದ ಒಂದು ಮನೆಯ ಕತೆ ಹೇಳಿದರೆ ಸಾಕು. ಹೊನ್ನಾವರದ ಕಾಲೇಜಿಗೆ ಹೋಗುತ್ತಿದ್ದ ಅಲ್ಲಿಯ ಹುಡುಗಿಗೆ ಒಂದು ದಿನ ತುಂಬಿದ ಬಸ್ಸಿನಲ್ಲಿ, ಕರ್ಕಿ ಹತ್ತಿರ, ಎದೆ ಡವಡವ ಹೊಡೆದುಕೊಂಡು ಉಸಿರೇ ಕಟ್ಟಿತು. ಸತ್ತೇ ಹೋದೆ ಅಂದುಕೊಂಡು ಅಲ್ಲೇ ಇಳಿದುಬಿಟ್ಟಳು. ಡಾಕ್ಟರು ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ, ಇದು ಗಾಬರಿ ಎಂದರು. ಆಮೇಲೆ ಬಸ್ಸಿನ ಹಾರ್ನ್ ಕೇಳಿದರೂ ಅವಳು ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಕಾಲೇಜಿನಿಂದ ಹೇಳಿಕಳಿಸಿದ್ದರು. ಮನೆಯವರಿಗೆ ಊಟ ಸೇರುತ್ತಿರಲಿಲ್ಲ.

ಗಂಡಿನ ಕಡೆಯವಳು

ಊರಿಗೆ ಗೊತ್ತಾಗಬಾರದು ಎಂದು ಹುಡುಗಿಯ ಆಯಿ, ಅಂದರೆ ಅಮ್ಮ, ಕೈಮುಗಿದು ಹೇಳಿದ್ದಳು. ಹಾಗಾಗಿ ಒಳ್ಳೆ ಸೀರೆ ಉಟ್ಟು ನೆಂಟರ ಹಾಗೆ ಹೋದೆ. ಎರಡನೇ ಸಲ ಹೋದಾಗ ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೇಳಿದಳು, "ಹುಡುಗ ಎಂತ ಮಾಡ್ತಾನೆ?"

"ಯಾವ ಹುಡುಗ?"

"ನಿಮ್ಮ ಹುಡುಗ! ಇವಳನ್ನ ನೋಡುಕೆ ಬಂದದ್ದಲ್ವಾ ನೀವು?"

"ಅಯ್ಯೋ ಇಲ್ಲ, ಸುಮ್ನೆ ಮಾತಾಡ್ಸಿ ಹೋಗುಕೆ ಬಂದೆ."

ಅವಳಿಗೆ ಸಿಟ್ಟು ಬಂತು. "ಇಷ್ಟು ಚಂದದ ಹುಡುಗಿಯನ್ನ ಎಷ್ಟು ಸಲ ನೋಡುದು? ಮನಸ್ಸಿಲ್ಲದಿದ್ರೆ ಹೇಳ್ಬಿಡಿ, ನನ್ನ ತಂಗಿ ಮಗ ಇದ್ದಾನೆ."

ಒಳಗಿಂದ ಕಿಸಕ್ಕನೆ ನಗು ಕೇಳಿತು. ಹುಡುಗಿ! ಅವಳು ನಕ್ಕು ಎಷ್ಟು ದಿನವಾಗಿತ್ತೋ, ಆಯಿಯ ಕಣ್ಣಲ್ಲಿ ನೀರು ಬಂತು. "ಅಕ್ಕೋರೆ, ಪ್ರತಿ ಸಲ ಇದೇ ಸೀರೆ ಉಟ್ಕೊಂಡು ಬನ್ನಿ" ಅಂದಳು.

ಅಜ್ಜಿ ಮತ್ತು ಕಿಟಕಿ

ಹುಡುಗಿ ಮನಸ್ಸು ಬಿಚ್ಚಬೇಕಾದರೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಬಾಗಿಲು ಹಾಕಿ ಕೂತೆವು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಚಾ ತಂದರು. ಮತ್ತೆ ಶುರುಮಾಡಿದಳು, ಬಾಳೆಹಣ್ಣು ಬಂತು. ಆಮೇಲೆ ಫ್ಯಾನ್ ತಿರುಗ್ತಾ ಇದೆಯೋ ಇಲ್ಲವೋ ನೋಡಲು ಬಂದರು.

"ಅಜ್ಜಿ, ದಯಮಾಡಿ ಸ್ವಲ್ಪ ಹೊತ್ತು ಒಳಗೆ ಬರ್ಬೇಡಿ" ಎಂದೆ.

"ಆತು ಆತು" ಎಂದು ಹೋದರು.

ಹುಡುಗಿ ಕೊನೆಗೂ ಮಾತಾಡಿದಳು. ಸಾಯುವ ಭಯಕ್ಕಿಂತ, ಬಸ್ಸಿನ ತುಂಬ ಜನರೆದುರು ಬಿದ್ದುಬಿಟ್ಟರೆ ಎಂಬ ಭಯವೇ ಹೆಚ್ಚಂತೆ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ನಾನೂ ಉಸಿರು ಬಿಗಿಹಿಡಿದು ಕೇಳುತ್ತಿದ್ದೆ.

ಆಗ ಕಿಟಕಿಯ ಹೊರಗಿಂದ ಅಜ್ಜಿಯ ದನಿ ಬಂತು, "ನಾ ಒಳಗೆ ಬರ್ಲಿಲ್ಲ ಮತ್ತೆ! ಆದ್ರೆ ಇಲ್ಲಿಗೆ ಸಮ ಕೇಳುದಿಲ್ಲ, ಚೂರು ಜೋರಾಗಿ ಹೇಳುಕೆ ಹೇಳಿ."

ಅಪ್ಪನ ಫೋನು

ಅಪ್ಪ ಭಟ್ಕಳದ ಬಂದರಿನಲ್ಲಿ ಬೋಟಿನ ಮೇಲೆ ದುಡಿಯುವವ. ಹೊತ್ತಿಗೊಂದು ಫೋನು ಮಾಡಿ ಮಗಳಿಗೆ, "ಈಗ ಹೆದರಿಕೆ ಆಗ್ತದ್ಯಾ?" ಎಂದು ಕೇಳುತ್ತಿದ್ದ. ಕೇಳಿದ ಕೂಡಲೇ ಅವಳಿಗೆ ಆಗುತ್ತಿತ್ತು.

"ಅವಳ ಹತ್ರ ಹಾಗೆ ಕೇಳ್ಬೇಡಿ" ಎಂದು ಬಿಗಿಯಾಗಿ ಹೇಳಿದೆ.

ಮರುದಿನದಿಂದ ಫೋನು ನನಗೆ ಬರತೊಡಗಿತು. ಬಸ್ಸಿನಲ್ಲಿದ್ದಾಗ, ಸ್ನಾನಕ್ಕೆ ಹೋದಾಗ, ತುತ್ತು ಬಾಯಿಗಿಡುವಾಗ. ಆ ನಂಬರು ಕಂಡರೆ ಹುಡುಗಿಗೇನಾಯಿತೋ ಎಂದು ನನ್ನ ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ರೇಗಿದೆ. "ಕೇಳ್ಬೇಡಿ ಅಂದಿದ್ದೆನಲ್ಲ!"

"ಅವಳ ಹತ್ರ ಕೇಳ್ಬೇಡಿ ಅಂದ್ರಿ. ನಿಮ್ಮ ಹತ್ರ ಕೇಳ್ಬೇಡಿ ಅನ್ಲಿಲ್ಲ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಸಮುದ್ರದಲ್ಲಿ ದೂರ ಹೋದ್ರೆ ಸಿಗ್ನಲ್ ಇರುದಿಲ್ಲ ಅಕ್ಕೋರೆ. ಸಿಗುವಲ್ಲಿವರೆಗೆ ಕೇಳಿದ್ದು" ಎಂದ. ರೇಗಿದ್ದಕ್ಕೆ ನಾಚಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅವನೇ ಕಾಳಜಿಯಿಂದ ಕೇಳಿದ, "ಎಂತಕ್ಕೆ ಸುಮ್ನಾದ್ರಿ? ನಿಮಗೂ ಹೆದರಿಕೆ ಆಗ್ತದ್ಯಾ?"

ಒಬ್ಬಳೇ ಹೋದ ದಿನ

ಮೊದಲು ಬಸ್ ಸ್ಟಾಪಿನವರೆಗೆ, ಆಮೇಲೆ ನನ್ನ ಜೊತೆ ಒಂದು ಸ್ಟಾಪು, ಹೀಗೆ ಅಭ್ಯಾಸ ಮಾಡಿಸಿ, ಕಡೆಗೆ ಒಬ್ಬಳೇ ಹೋಗುವ ದಿನ ಬಂತು. ರಜೆ ಹಾಕಿ ಊರಿಗೆ ಬಂದಿದ್ದ ಅಪ್ಪನನ್ನೂ ಸೇರಿಸಿ ಮನೆಯವರನ್ನೆಲ್ಲ ಕೂರಿಸಿ, "ಅವಳನ್ನು ನಂಬಿ. ಯಾರೂ ಹಿಂದೆ ಹೋಗ್ಬಾರ್ದು. ನಾನು ಹೊನ್ನಾವರ ಸ್ಟ್ಯಾಂಡಿನಲ್ಲಿ ಕಾಯ್ತೇನೆ" ಎಂದು ಭಾಷಣ ಮಾಡಿದೆ.

ಆದರೆ ಬೆಳಗಾಗುವಷ್ಟರಲ್ಲಿ ನನಗೇ ನಂಬಿಕೆ ಸಾಲಲಿಲ್ಲ. ಕುಮಟಾದಲ್ಲೇ ಆ ಬಸ್ಸು ಹತ್ತಿ ಕೊನೆಯ ಸೀಟಿನಲ್ಲಿ ಮುದುಡಿ ಕೂತೆ.

ಹಳದೀಪುರದಲ್ಲಿ ಹುಡುಗಿ ಹತ್ತಿದಳು. ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಳು. ಕರ್ಕಿ ಬಂತು. ಅವಳ ಹೆಗಲು ಮೇಲೇರಿತು. ಈಗ ಏಳುತ್ತಾಳೆ, ಈಗ ಇಳಿಯುತ್ತಾಳೆ ಎಂದು ನಾನು ಬೆವರಿದೆ. ಅವಳು ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಉಸಿರು ಬಿಟ್ಟಳು. ಬಸ್ಸು ಕರ್ಕಿ ದಾಟಿತು. ಅವಳು ಕೂತೇ ಇದ್ದಳು!

ಅಷ್ಟರಲ್ಲಿ ಮುಂದುಗಡೆ ಗಲಾಟೆ. ಮುಖದ ತುಂಬ ಸೆರಗು ಎಳೆದುಕೊಂಡ ಒಬ್ಬ ಹೆಂಗಸಿಗೆ ಕಂಡಕ್ಟರು ಹೇಳುತ್ತಿದ್ದ, "ಅಮ್ಮಾ, ಹೆಂಗಸ್ರಿಗೆ ಫ್ರೀ ಹೌದು. ಆದ್ರೆ ಆಧಾರ್ ಕಾರ್ಡಿನ ಮುಖ ಇದೇ ಮುಖ ಅಂತ ನಂಗೆ ಗೊತ್ತಾಗುದು ಹೆಂಗೆ?" ಸೆರಗು ಜಾರಿತು. ಹುಡುಗಿಯ ಆಯಿ! ಅವಳ ಹಿಂದೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. "ನೀವೆಂತಕ್ಕೆ ಹೆಲ್ಮೆಟ್ ಹಾಕಿದ್ದು? ಬಸ್ಸು ಅಷ್ಟು ಹಾಳಾಗಿಲ್ಲ, ತೆಗೀರಿ" ಎಂದ ಕಂಡಕ್ಟರು. ತೆಗೆದರೆ ಅಪ್ಪ!

ನಾನು ಗಡಬಡಿಸಿ ಸೀಟಿನ ಕೆಳಗೆ ಬಗ್ಗಿ, ಕಾಲಲ್ಲೇ ಇದ್ದ ಚಪ್ಪಲಿ ಹುಡುಕತೊಡಗಿದೆ.

ಹುಡುಗಿ ಎದ್ದು ನಿಂತಳು. ಬಸ್ಸಿನ ತುಂಬ ಜನ ಅವಳನ್ನೇ ನೋಡುತ್ತಿದ್ದರು. ದನಿ ಸ್ವಲ್ಪವೂ ನಡುಗಲಿಲ್ಲ.

"ಇವ್ರು ನಮ್ಮ ಆಯಿ, ಇವ್ರು ಅಪ್ಪ. ಹಿಂದಿನ ಸೀಟಿನ ಕೆಳಗೆ ಒಬ್ರು ಚಪ್ಪಲಿ ಹುಡುಕ್ತಾ ಇದ್ದಾರಲ್ಲ, ಅವ್ರೂ ನಮ್ಮ ಜೊತೆನೇ. ಅವ್ರಿಗೆ ಚೂರು ಗಾಬರಿ ಜಾಸ್ತಿ, ಹೊನ್ನಾವರದಲ್ಲಿ ಹುಷಾರಾಗಿ ಇಳ್ಸಿ."