ಹದಿನಾರು ಡಿಗ್ರಿ

ಶಿಕ್ಷಣ ಇಲಾಖೆ ಪ್ರತಿ ಸೋಮವಾರ ಕಳಿಸುವ ಸುತ್ತೋಲೆಯನ್ನು ಅಕ್-ತೆರೆಕ್ ಊರಿನ ಶಾಲೆಯಲ್ಲಿ ಕೊನೆಯವರೆಗೆ ಓದುತ್ತಿದ್ದವಳು ಬುರುಲ್ಕಾನ್ ಒಬ್ಬಳೇ. ಉಳಿದ ಶಿಕ್ಷಕರು ಅದು ಫೋನಿನಲ್ಲಿ ಟಿಣ್ ಎಂದ ಕೂಡಲೇ ಹೆಬ್ಬೆರಳಿನಿಂದ ಮೇಲೆ ತಳ್ಳಿ ಯಾರದೋ ಮದುವೆಯ ಫೋಟೊ ನೋಡಲು ಹೋಗುತ್ತಿದ್ದರು. ಆದ್ದರಿಂದ ಹನ್ನೊಂದನೇ ಸುತ್ತೋಲೆಯ ಕೊನೆಯ ಪುಟದಲ್ಲಿದ್ದ ಸಾಲು ಅವಳ ಕಣ್ಣಿಗೆ ಮಾತ್ರ ಬಿತ್ತು: ತರಗತಿಯಲ್ಲಿ ಹದಿನಾರು ಡಿಗ್ರಿಗಿಂತ ಕಡಿಮೆ ಶಾಖವಿರುವ ಶಾಲೆಗೆ ಸರ್ಕಾರ ಬಾಯ್ಲರ್ ಕೊಡುತ್ತದೆ. ಅಧಿಕಾರಿಯೊಬ್ಬರು ಬಂದು ಎರಡು ಗಂಟೆಯ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಏಳನೇ ಸುತ್ತೋಲೆಯಲ್ಲಿ ಇದೇ ಮಿತಿ ಹದಿನೆಂಟಿತ್ತು, ಒಂಬತ್ತನೆಯದರಲ್ಲಿ ಹದಿನಾಲ್ಕು. ಮತ್ತೆ ಬದಲಾಗುವ ಮೊದಲೇ ಬುರುಲ್ಕಾನ್ ಅರ್ಜಿ ಹಾಕಿದಳು.

ಭೂಗೋಳ ಕಲಿಸುವುದು ಅವಳ ಕೆಲಸ; ಕಿರಿಯರಿಗೆಲ್ಲ ಅವಳು ಎಜೆ, ಅಂದರೆ ಅಕ್ಕ. ಮುಖ್ಯೋಪಾಧ್ಯಾಯಿನಿಯ ಕುರ್ಚಿಯೂ ಅವಳದೇ, ಬೇರೆ ಯಾರೂ ಕೂರಲು ಒಪ್ಪದ ಕಾರಣ. ಒಲೆ ಉರಿಸುವವನು ಒಂದು ತಿಂಗಳ ಮಟ್ಟಿಗೆಂದು ರಷ್ಯಾಕ್ಕೆ ಹೋಗಿ ಹನ್ನೊಂದು ಚಳಿಗಾಲ ಕಳೆದಿತ್ತು. ಅಂದಿನಿಂದ ಬೆಳಗಿನ ಐದಕ್ಕೆ ಬಂದು ಶಾಲೆಯ ಆರೂ ಒಲೆ ಹಚ್ಚುವವಳು ಅವಳೇ. ಇಲಾಖೆ ಕೊಡುವ ಒದ್ದೆ ಕಲ್ಲಿದ್ದಲು ಪುಡಿ, ಬೇಡುವವನ ಮುಂದೆ ಕೂತ ಜಿಪುಣನ ಹಾಗೆ ಕೆಮ್ಮುತ್ತ, ಹೊಗೆಯನ್ನಷ್ಟೇ ಧಾರಾಳವಾಗಿ ಕೊಡುತ್ತಿತ್ತು. ಮೈಗೆ ಹತ್ತಿದ ಹೊಗೆಯ ವಾಸನೆಗೆ ನಾಚಿ ಔತಣಗಳಲ್ಲಿ ಬುರುಲ್ಕಾನ್ ತಾನಾಗಿಯೇ ಬಾಗಿಲ ಬಳಿ ಕೂರುತ್ತಿದ್ದಳು. "ಅಜ್ಜಿ, ನಿನ್ನ ಹತ್ರ ಶಾಲೆ ವಾಸನೆ ಬರುತ್ತೆ," ಎಂದು ಮೊಮ್ಮಗಳು ಮೂಗು ಮುಚ್ಚಿಕೊಂಡಿದ್ದಳು.

ಬಾಯ್ಲರ್ ಎಂದಾಗ ಎಲ್ಲರೆದುರು ಅವಳು ಮಕ್ಕಳ ಮಾತು ಎತ್ತುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಒಳಗೆ ಅವಳಿಗೆ ಕಾಣುತ್ತಿದ್ದುದು ಬೇರೆ: ಹೊದಿಕೆಯೊಳಗೆ ಮಲಗಿದ ತಾನು, ನಿಧಾನವಾಗಿ ಬೆಳ್ಳಗಾಗುವ ಕಿಟಕಿ, ಎಲ್ಲಿಗೂ ಎದ್ದು ಹೋಗಬೇಕಿಲ್ಲದ ಒಂದು ಬೆಳಗು. ನಲವತ್ತೊಂಬತ್ತರ ಹೆಂಗಸಿಗೆ ಇಂಥ ಆಸೆಯೇ ಎಂದು ನಾಚಿ ಅದನ್ನು ಗಂಡನಿಗೂ ಹೇಳಿರಲಿಲ್ಲ.

ಅಧಿಕಾರಿ ಬರುವ ಸೋಮವಾರ ಅವಳು ಎಂದಿನಂತೆಯೇ ಎದ್ದು, ಎಂದಿನಷ್ಟೇ ಪುಡಿ ಸುರಿದು ಒಲೆ ಹಚ್ಚಿದಳು. ಎಂಟಕ್ಕೆ ಮಕ್ಕಳು ಕೋಟು ಟೋಪಿಗಳಲ್ಲೇ ಬೆಂಚಿನ ಮೇಲೆ ಕೂತರು. ನಾಲ್ಕನೇ ತರಗತಿಯಲ್ಲಿ ಹನ್ನೊಂದು ಡಿಗ್ರಿ. ಎಲ್ಲ ಸರಿಯಾಗಿತ್ತು.

ಸರಿಯಾಗಿದ್ದದ್ದು ಅರ್ಧ ಗಂಟೆ ಮಾತ್ರ. ವ್ಯಾಯಾಮ ಶಿಕ್ಷಕ ಶೈಲೋಬೆಕ್ ಅದೇ ತರಗತಿಯ ಕಿಟಕಿಗೆ ಉಣ್ಣೆಯ ದಪ್ಪ ಹಾಸುಗಳನ್ನು ಮೊಳೆ ಹೊಡೆದು ನೇತುಹಾಕುತ್ತಿದ್ದ.

"ಏನಪ್ಪಾ ಇದು?"

"ಅಮ್ಮ ಕಳಿಸಿದ್ರು, ಎಜೆ. ಅವರ ಮದುವೇದು. ರಾಜಧಾನಿಯಿಂದ ಬರೋರು, ಗಾಳಿಗೆ ಕೂರಿಸೋಕಾಗತ್ತಾ?"

"ಗಾಳಿ ಇದ್ರೇನೇ ಬಾಯ್ಲರು. ತೆಗಿ."

"ಊರ ಮಾನ ಹೋಗತ್ತೆ, ಎಜೆ."

"ಮಾನ ನಾನು ನೋಡ್ಕೋತೀನಿ. ನೀನು ಮೊಳೆ ಕೀಳು."

ಅವನು ಹಾಸುಗಳನ್ನು ಹೆಗಲಿಗೇರಿಸಿಕೊಂಡು, ಕುಸ್ತಿಯಲ್ಲಿ ಸೋತು ಬಂದವನ ಮುಖ ಮಾಡಿಕೊಂಡು ಹೋದ. ಅವನು ಗೇಟು ದಾಟುವ ಮೊದಲೇ ಪಕ್ಕದ ಮನೆಯ ಬತ್ಮಾ ಅಪಾ ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಒಳಗೆ ಬಂದಳು. ಹಿರಿಯಳೆಂದು ಎಲ್ಲರೂ ಅಪಾ ಎನ್ನುವ ಅವಳಿಗೆ ಎಪ್ಪತ್ತೆಂಟು; ಊರಿಗೆ ಮದುವೆಯಾಗಿ ಬಂದವರೆಲ್ಲ ಅವಳಿಗೆ ಸೊಸೆಯರೇ. ಮೂಟೆಯಲ್ಲಿ ಎರಡು ಬೇಸಿಗೆ ಒಣಗಿಸಿದ ಕುರಿಗೊಬ್ಬರದ ಬೆರಣಿ.

"ಸೊಸೇ, ತಗೋ. ಬಂಗಾರದ ಹಾಗೆ ಉರಿಯತ್ತೆ."

"ಅಪಾ, ಹನ್ನೊಂದು ವರ್ಷದಿಂದ ನಾನು ಹೊಗೆ ಕುಡೀತಿದೀನಿ. ಆವಾಗ ಎಲ್ಲಿತ್ತು ಈ ಬಂಗಾರ?"

"ಅಯ್ಯೋ, ನೀನು ಮನೆಯವಳಲ್ವೇನೇ! ಇದು ಬಂದೋರಿಗೆ."

ಕೊನೆಗೆ ಬುರುಲ್ಕಾನ್ ಮೂಟೆಯನ್ನು ಕಿತ್ತುಕೊಂಡು, ಯಾರ ಕೈಗೂ ಸಿಗದಿರಲೆಂದು ನಾಲ್ಕನೇ ತರಗತಿಯಲ್ಲೇ ತನ್ನ ಕುರ್ಚಿಯ ಹಿಂದೆ ಇಟ್ಟು ಕಾವಲು ಕೂತಳು. ಬೆನ್ನಿಗೆ ಮೂಟೆ, ಪಕ್ಕದಲ್ಲಿ ಒಲೆ. ಬತ್ಮಾ ಅಪಾ ಎದುರು ಬೆಂಚಿನಲ್ಲಿ ಕೂತು, ಅತಿಥಿಯನ್ನು ನೋಡದೆ ಏಳುವುದಿಲ್ಲ ಎಂದಳು.

ಒಂಬತ್ತಕ್ಕೆ ಅಧಿಕಾರಿ ಬಂದರು. ಬೊಜ್ಜಿನ ಗಂಡಸೊಬ್ಬನನ್ನು ನಿರೀಕ್ಷಿಸಿದ್ದ ಬುರುಲ್ಕಾನಳೆದುರು ನಿಂತವಳು ಇಪ್ಪತ್ನಾಲ್ಕರ ತೆಳ್ಳನೆಯ ಹುಡುಗಿ, ಮೀರ್ಗುಲ್. ಕಾರು ಹಳ್ಳದಲ್ಲಿ ಸಿಕ್ಕಿಬಿದ್ದು ಕೊನೆಯ ಮೈಲಿ ನಡೆದು ಬಂದಿದ್ದಳು. ಪೇಟೆಯ ಬೂಟಿನಿಂದ ನೀರು ಸೋರುತ್ತಿತ್ತು. ಅವಳು ಗೋಡೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿದಳು.

"ಇದು ನೇರ ರಾಜಧಾನಿಗೇ ಕಳಿಸಿಬಿಡತ್ತೆ, ಎಜೆ. ನಾನೂ ತಿದ್ದೋಕಾಗಲ್ಲ. ಈಗ ಹನ್ನೊಂದು ಡಿಗ್ರಿ. ಇನ್ನೊಂದು ಸಲ ಹನ್ನೊಂದು ಗಂಟೆಗೆ."

ಬುರುಲ್ಕಾನಳ ಎದೆಯಲ್ಲಿ ಕಿಟಕಿ ಸ್ವಲ್ಪ ಬೆಳ್ಳಗಾಯಿತು. ಇನ್ನು ಎರಡೇ ಗಂಟೆ. ಚಹಾ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ಬಂತು, ಬಟ್ಟಲು ತುಂಬ ಕೆನೆ ಬಂತು. ಮೀರ್ಗುಲ್ ಚಹಾ ಬಟ್ಟಲನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಅಪ್ಪಿಕೊಂಡಿದ್ದಳು.

"ತುಟಿ ನೋಡೇ ಸೊಸೆ, ನೇರಳೆ ಬಣ್ಣ," ಎಂದಳು ಬತ್ಮಾ ಅಪಾ.

"ಪೇಟೆ ಹುಡುಗೀರು ಬಣ್ಣ ಹಚ್ಚಿರ್ತಾರೆ, ಅಪಾ."

"ಹಲ್ಲಿಗೂ ಹಚ್ಚಿದಾಳಾ? ಕಟಕಟ ಅಂತಿದೆಯಲ್ಲ."

"ಪರವಾಗಿಲ್ಲ, ಅಪಾ," ಎಂದು ಹುಡುಗಿ ನಕ್ಕಳು. ನಗುವೂ ನಡುಗಿತು.

ಬುರುಲ್ಕಾನ್ ಕಣ್ಣನ್ನು ಗೋಡೆಯ ಭೂಪಟಕ್ಕೆ ನೆಟ್ಟಳು. ಆಫ್ರಿಕಾ ನೋಡಿದಳು, ಅಲ್ಲಿಯ ಮರುಭೂಮಿ ನೋಡಿದಳು. ಅಷ್ಟರಲ್ಲಿ ಮೀರ್ಗುಲ್ ತನ್ನೂರಿನ ಮಾತು ತೆಗೆದಳು. ಅವಳ ತಾಯಿಯೂ ಶಿಕ್ಷಕಿಯಂತೆ, ಅವರ ಶಾಲೆಯ ಒಲೆಯೂ ಹೀಗೇ ಹೊಗೆಯುಗುಳುತ್ತದಂತೆ. ಬುರುಲ್ಕಾನಳಿಗೆ ಬಹಳ ದಿನದ ಮೇಲೆ ತನ್ನ ಮಾತು ಅರ್ಥವಾಗುವವರೊಬ್ಬರು ಸಿಕ್ಕಂತಾಯಿತು. ಒದ್ದೆ ಪುಡಿಯ ಬಗ್ಗೆ, ಬಿರಿದ ಬೆರಳುಗಳ ಬಗ್ಗೆ, ಔತಣದಲ್ಲಿ ಬಾಗಿಲ ಬಳಿ ಕೂರುವ ಬಗ್ಗೆ, ಕೊನೆಗೆ ಆ ಬೆಳ್ಳನೆ ಕಿಟಕಿಯ ಬಗ್ಗೆಯೂ ಹೇಳಿದಳು. ಮೀರ್ಗುಲಳ ಕಣ್ಣು ತುಂಬಿತು. ಮಕ್ಕಳು ಒಬ್ಬೊಬ್ಬರಾಗಿ ಟೋಪಿ ತೆಗೆದರು, ಕೋಟು ಬಿಚ್ಚಿದರು. ಬತ್ಮಾ ಅಪಾ ಬೆಂಚಿಗೊರಗಿ ಗೊರಕೆ ಹೊಡೆಯತೊಡಗಿದಳು.

"ಈಗ ಹಾಯಾಗಿದೆ, ಎಜೆ," ಎಂದು ಮೀರ್ಗುಲ್ ಬೂಟು ಕಳಚಿ ಕಾಲು ಚಾಚಿದಳು.

ಬುರುಲ್ಕಾನ್ ಬೆಚ್ಚಿ ತನ್ನ ಕೈ ನೋಡಿಕೊಂಡಳು. ಅದರಲ್ಲೊಂದು ಬೆರಣಿಯಿತ್ತು. ಒಲೆಯ ಬಾಗಿಲು ತೆರೆದಿತ್ತು, ಒಳಗೆ ಬೆಂಕಿ ಹಬ್ಬದಂದು ಕಾಯಿಸಿದ ಕಡಾಯಿಯ ತಳದ ಹಾಗೆ ಕೆಂಪಗಿತ್ತು. ಬೆನ್ನ ಹಿಂದಿನ ಮೂಟೆ ಅರ್ಧ ಖಾಲಿ. ಬಾಯಿ ಕಷ್ಟ ಹೇಳಿಕೊಳ್ಳುತ್ತಿದ್ದಾಗ ಕೈ ಅವಳನ್ನು ಒಂದು ಮಾತೂ ಕೇಳದೆ ಅತಿಥಿಯ ಆರೈಕೆಗೆ ನಿಂತಿತ್ತು.

ಅಷ್ಟರಲ್ಲಿ ಹನ್ನೊಂದು ಗಂಟೆಯಾಗಿ ಯಂತ್ರ ಕಿಂವ್ ಎಂದಿತು. ಇಪ್ಪತ್ತೊಂದು.

ಮೀರ್ಗುಲ್ ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೊಂದು, ಇಪ್ಪತ್ತೊಂದು, ಕೂಡಿ ಮೂವತ್ತೆರಡು, ಅರ್ಧ ಹದಿನಾರು.

"ಹದಿನಾರು ಆದ್ರೆ ಸಾಕಲ್ವಾ, ಮಗಳೇ?" ಎಂದಳು ಬುರುಲ್ಕಾನ್.

"ಹದಿನಾರಕ್ಕಿಂತ ಕಮ್ಮಿ ಇರ್ಬೇಕು, ಎಜೆ." ಹುಡುಗಿ ಅರ್ಧ ಖಾಲಿಯಾದ ಮೂಟೆಯತ್ತ ನೋಡಿದಳು. "ಒಂದೇ ಒಂದು ಬೆರಣಿ ಕಮ್ಮಿ ಹಾಕಿದ್ರೆ..."

ನಿದ್ದೆಯಿಂದೆದ್ದ ಬತ್ಮಾ ಅಪಾ ಸಂತೋಷದಿಂದ ಕೈ ಉಜ್ಜಿಕೊಂಡಳು. "ನಾನು ಹೇಳ್ಲಿಲ್ವೇನೇ, ಬಂಗಾರ ಅಂತ?"

"ಎಜೆ, ನಿಮ್ಮ ಕಷ್ಟ ಎಲ್ಲ ವರದೀಲಿ ಬರೀತೀನಿ. ಏನಾದ್ರೂ ಮಾಡ್ತಾರೆ," ಎಂದು ಮೀರ್ಗುಲ್ ಅವಳನ್ನು ಅಪ್ಪಿಕೊಂಡಳು. ಅಪ್ಪಿಕೊಂಡವಳು ಮೂಗು ಪಕ್ಕಕ್ಕೆ ತಿರುಗಿಸಲಿಲ್ಲ. ಅದೊಂದನ್ನು ಬುರುಲ್ಕಾನ್ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು.

ಹುಡುಗಿ ಬರೆದಳು, ಇಲಾಖೆ ಓದಿತು. ಎಂದೂ ಇಲ್ಲದ ಚುರುಕಿನಿಂದ ಅಂದೇ ಸಂಜೆ ನಾಲ್ಕಕ್ಕೆ ಹನ್ನೆರಡನೇ ಸುತ್ತೋಲೆ ಬಂತು. ಅಕ್-ತೆರೆಕ್ ಶಾಲೆಯಲ್ಲಿ ಹನ್ನೊಂದು ವರ್ಷದ ಅನುಭವವಿರುವ ಶಿಕ್ಷಕಿಯೊಬ್ಬರು ಸ್ಥಳೀಯ ಬೆರಣಿಯಿಂದ ಎರಡೇ ಗಂಟೆಯಲ್ಲಿ ಹತ್ತು ಡಿಗ್ರಿ ಏರಿಸಿದ್ದನ್ನು ಯಂತ್ರವೇ ದಾಖಲಿಸಿದೆ. ಆದ್ದರಿಂದ ಈ ಜಿಲ್ಲೆಗೆ ಬಾಯ್ಲರಿನ ಅಗತ್ಯ ಕಾಣುವುದಿಲ್ಲ. ಬದಲಿಗೆ ನಲವತ್ತು ಶಾಲೆಗಳ ಸಿಬ್ಬಂದಿ ತಂಡತಂಡವಾಗಿ ಬಂದು ಶ್ರೀಮತಿ ಬುರುಲ್ಕಾನ್ ಅವರಿಂದ ಒಲೆ ಹಚ್ಚುವ ವಿಧಾನ ಕಲಿಯತಕ್ಕದ್ದು. ತರಬೇತಿ ನಾಳೆಯಿಂದ, ಬೆಳಗಿನ ನಾಲ್ಕಕ್ಕೆ.

ಈ ಸುತ್ತೋಲೆಯನ್ನು ಮಾತ್ರ ಊರೆಲ್ಲ ಕೊನೆಯವರೆಗೆ ಓದಿತು. ಶೈಲೋಬೆಕ್ ಹಾಸುಗಳನ್ನು ಹೊತ್ತು ಓಡೋಡಿ ಬಂದ.

"ಎಜೆ! ನಲವತ್ತು ಶಾಲೆಯೋರು ಬರ್ತಾರಂತೆ! ಈಗಲಾದ್ರೂ ಮೊಳೆ ಹೊಡೀಲಾ?"

"ಹೊಡಿಯಪ್ಪ," ಎಂದಳು ಬುರುಲ್ಕಾನ್. ಮನೆಗೆ ಹೋಗಿ ಗಡಿಯಾರದ ಎಚ್ಚರಿಕೆ ಗಂಟೆಯನ್ನು ನಾಲ್ಕೂವರೆಯಿಂದ ಮೂರೂವರೆಗೆ ತಿರುಗಿಸಿದಳು. ಆಮೇಲೆ, ನಾಳೆ ಬರುವವರಿಗೆ ಬೇಕಾಗುತ್ತದೆಂದು, ಬೋರ್ಸೋಕಿಗೆ ಹಿಟ್ಟು ನಾದಲು ಕೂತಳು.